ಕರಿಕೆಯನ್ನು ಮುಟ್ಟದ ಔಷಧ

೧೯೯೧ರ ನವೆಂಬರ್ ೧೨, ಬೆಳಿಗ್ಗೆ. ಕೊಕಟನೂರಿನ ಮುರಗೆಪ್ಪ ಅಥಣಿ ಠಾಣೆಗೆ ಬಂದವನೇ ಪಿಎಸ್‌ಐ ಜಕ್ಕಪ್ಪನವರ ಮೇಜಿನ ಮೇಲೆ ದ್ರಾಕ್ಷಿ ಬಳ್ಳಿಯೊಂದನ್ನು ಎಸೆದ. ಎಲೆ ಮುದುರಿ, ಕುಡಿ ತಿರುಚಿಕೊಂಡಿತ್ತು.

"ತ್ವಾಟಕ್ಕ ವಿಷಾ ಹೊಡದಾರ್ರೀ ಸಾಹೇಬ್ರ. ಬಾಜೂ ಹೊಲದ ಧರೆಪ್ಪಂದ ಕೆಲಸ."

"ಕಣ್ಣಿಲೆ ನೋಡೀಯೇನು?"

"ಇಲ್ರಿ."

ನೋಡಿಲ್ಲ, ಹೆಸರು ಮಾತ್ರ ಗಟ್ಟಿ! ಜಕ್ಕಪ್ಪ ಎಫ್‌ಐಆರ್ ಬರೆಸಿ, ಕೃಷಿ ಅಧಿಕಾರಿಯನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೊರಟರು.

ತೋಟದಲ್ಲಿ ಪಂಚನಾಮೆ ನಡೆಯಿತು. ಅಧಿಕಾರಿ ಎಲೆ ಹರಿದು ನೋಡಿದರು.

"ಕಬ್ಬಿನ್ಯಾಗಿನ ಕಸಕ್ಕ ಹೊಡಿಯೂ ಔಷಧರಿ ಇದು. ಗಿಡದ ಹಾರ್ಮೋನಿನ ನಕಲು. ಅಗಲ ಎಲಿ ಗಿಡಕ್ಕ ಬಿತ್ತಂದ್ರ, ಅದು ಅಡ್ಡಾದಿಡ್ಡಿ ಬೆಳದ ಬೆಳದs ಸಾಯ್ತೈತಿ. ಹುಲ್ಲಿಗಿ ಏನೂ ಆಗೂದಿಲ್ಲ. ಕಬ್ಬೂ ಹುಲ್ಲಿನ ಜಾತಿನೇ. ಬಂಗಲೆ ಮುಂದಿನ ಲಾನಿಗೂ ಇದನ್ನs ಹೊಡೀತಾರ."

ಜಕ್ಕಪ್ಪ ಬಗ್ಗಿ ನೋಡಿದರು. ಸತ್ತ ಬಳ್ಳಿಗಳ ಕೆಳಗೆ ಕರಿಕೆ ಹುಲ್ಲು ಹಸಿರಾಗಿತ್ತು.

"ಧರೆಪ್ಪನ ಕಬ್ಬಿನಿಂದ ಗಾಳಿಗೆ ಹಾರಿ ಬಂದಿರಬಹುದೇನ್ರಿ?"

"ಹಂಗಾಗಿದ್ರ ಬದುವಿನ ಕಡೆ ಹೆಚ್ಚು ಸುಡಬೇಕಿತ್ತು."

ಇಲ್ಲಿ ನಟ್ಟನಡುವಿನ ಬಳ್ಳಿಗಳೇ ಸತ್ತಿದ್ದವು. ಅಂಚಿನವು ಒಂದಿಷ್ಟು ಮುದುರಿದ್ದವು, ಅಷ್ಟೇ.

"ಮುರಗೆಪ್ಪ, ಬಳ್ಳಿ ಹಚ್ಚೂಕಿಂತ ಮೊದಲ ಈ ಜಾಗಾದಾಗ ಏನಿತ್ತು?"

ಮುರಗೆಪ್ಪ ತಲೆ ತಗ್ಗಿಸಿದ. "ಅಣ್ಣನ ಮಗನ್ನ ಹುಗದಿದ್ವಿರಿ. ಸಣ್ಣ ಕೂಸು."

"ಅವನ ತಾಯಿ?"

"ಕಸ್ತೂರೆವ್ವ. ಊರಾಗ ಬ್ಯಾರೆ ಅದಾಳ್ರಿ. ಅಣ್ಣ ತೀರಿಕೊಂಡಾನ. ಆಕಿದೂ ಕಬ್ಬೈತಿ."

ಕಸ್ತೂರೆವ್ವನ ದನದ ಕೊಟ್ಟಿಗೆಯಲ್ಲಿ ಔಷಧದ ಪಂಪು ಸಿಕ್ಕಿತು. ಆಕೆ ಸುಳ್ಳು ಹೇಳಲಿಲ್ಲ.

"ನಾನs ಹೊಡದೀನ್ರಿ."

"ಕುಡಗೋಲಿಲೆ ಕಡೀಬೇಕಿತ್ತಲ್ಲ?"

"ಕಡದ್ರ ಮೈದುನ ಮತ್ತ ಹಚ್ತಿದ್ದ. ಅಲ್ಲಿ ಬಳ್ಳಿ ಬದುಕೂದಿಲ್ಲಂತ ಅವನs ಕೈ ಬಿಡ್ಲಿ ಅಂತ ಹೊಡದೆ. ಕರಿಕಿ ಇರ್ಲಿ. ಕೂಸಿನ ಮ್ಯಾಲ ಅಷ್ಟರೇ ಹಸರ ಬೇಕಲ್ರಿ."

ಮುರಗೆಪ್ಪ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಮಹಿಳಾ ಪೇದೆ ಬಂದ ಮೇಲೆ, ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ಜಕ್ಕಪ್ಪ ಕೊಟ್ಟಿಗೆಯಲ್ಲೇ ಕುಳಿತು ಕಾಗದ ತೆಗೆದರು. ಹೇಳಿಕೆ ಬರೆಯಲೇಬೇಕಿತ್ತು.

"ಕೂಸಿನ ಮ್ಯಾಲಿನ ನೆಲಾ ಸಮ ಮಾಡಿ ಬಳ್ಳಿ ಹಚ್ಚಿದಾಗ ಸುಮ್ಮನಿದ್ದೆಲ್ಲವ್ವಾ. ಈಗ್ಯಾಕ ಸಿಟ್ಟು?"

"ಮದಲ ಹಣ್ಣ ಬಂದಾಗ ಮೈದುನ ತಾಟಿನ್ಯಾಗ ಹಾಕ್ಕೊಂಡ ಬಂದಿದ್ದ. 'ತಿನ್ರಿ ವೈನಿ, ಭಾಳ ಸೀ ಅದಾವ' ಅಂದ. ಒಂದ ತಿಂದೆ. ಸೀನs ಇತ್ರಿ. ಆಮ್ಯಾಲ ಹೇಳಿದ, ನಡುವಿನ ಬಳ್ಳೀವು ಅಂತ."

ಮುರಗೆಪ್ಪ ಬಾಗಿಲು ದಾಟಿ ಒಳಗೆ ಬಂದ. "ಮರ್ತಿದ್ದೆ ವೈನಿ," ಎಂದ.

ಆ ಕೂಸನ್ನು ಎದೆಗವಚಿಕೊಂಡು ಹೋಗಿ ಕುಣಿಯೊಳಗೆ ಇಳಿಸಿದವನು ಅವನೇ.