ಟ್ರೆಫಾಯಿಲ್ ಸೊಪ್ಪಿನ ಚೊಗರು

“ಕುರಿ ವಾಸನೆ ಹೊಡೆಯೋ ಹುಡುಗಿ ಬೇಡ ಅಂದ್ನಂತೆ ಕಣೇ. ಫೋಟೋನೂ ನೋಡ್ಲಿಲ್ವಂತೆ!”

ಅಮೆರಿಕದ ಮೆಟುಚೆನ್ ಊರಿನ ತಮ್ಮ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಹೇಳಿಬಿಟ್ಟರು ಕೌಸಲ್ಯಾ ಆಂಟಿ. ಕುರಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ನಿರುಪಮಾ ನಕ್ಕುಬಿಟ್ಟಳು. ಬೇಡವೆಂದ ವರನ ಹೆಸರು ಮಾತ್ರ ಮರೆಯಲಿಲ್ಲ: ಬದರೀನಾಥ, ಕ್ರ್ಯಾನ್‌ಬರಿ ಊರಿನ ಔಷಧ ಕಂಪನಿಯ ಕೆಮಿಸ್ಟ್.

ಎಂಬತ್ತೆಂಟರ ಬೇಸಿಗೆಯಲ್ಲಿ ಅದೇ ಬದರೀನಾಥ ಅವಳ ಕಾಲೇಜಿನ ಕುರಿ ಫಾರ್ಮಿಗೇ ಬರಬೇಕೆ! ಕುರಿಗಳ ಮೇವಾದ ಟ್ರೆಫಾಯಿಲ್ ಸೊಪ್ಪಿನ ಟ್ಯಾನಿನ್, ಅಂದರೆ ಚೊಗರು, ಅಳೆಯಲು ಪ್ರೊಫೆಸರ್ ಕರೆಸಿದ್ದರು. ಆ ಚೊಗರು ಸೊಪ್ಪಿನ ಪ್ರೋಟೀನನ್ನು ಕುರಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಕಾಪಾಡಿ ಕರುಳಿಗೆ ದಾಟಿಸುತ್ತದೆ ಎನ್ನುವುದು ನಿರುಪಮಾಳ ಸಂಶೋಧನೆ.

“ಒಣಗಿಸೋಕೆ ಓವನ್ ಎಲ್ಲಿದೆ?”

ಬದರೀನಾಥನದು ಔಷಧದ ಪುಡಿ ಒಣಗಿಸಿ ರೂಢಿಯಾದ ಕೈ. ಬಿಸಿ ಹೆಚ್ಚಾದರೆ ಚೊಗರು ಪ್ರೋಟೀನಿಗೇ ಅಂಟಿಕೊಂಡು ಪರೀಕ್ಷೆಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಶೀತದಲ್ಲಿ ಒಣಗಿಸಿದ ಅವಳ ಪಾಲಿನ ಸೊಪ್ಪು ಫ್ರೀಜರಿನಲ್ಲಿ ಭದ್ರವಾಗಿತ್ತು.

“ಅಲ್ಲಿದೆ,” ಎಂದು ಬೆರಳು ತೋರಿಸಿದಳು.

ಅವನು ನಕ್ಕ. ನಗುವಾಗ ಎಡಗಣ್ಣು ಮೊದಲು ಕಿರಿದಾಗುತ್ತಿತ್ತು. ನೋಡಬಾರದೆಂದುಕೊಂಡೇ ನೋಡಿದಳು. ಆದರೂ ಬಿಸಿಯ ಗುಟ್ಟು ಬಿಟ್ಟುಕೊಡಲಿಲ್ಲ.

ಶುಕ್ರವಾರದ ಮೀಟಿಂಗಿನಲ್ಲಿ ಅವನು ಎದ್ದು ನಿಂತು, ಈ ಸೊಪ್ಪಿನಲ್ಲಿ ಟ್ಯಾನಿನ್ನೇ ಇಲ್ಲ ಎಂದ. ನಿರುಪಮಾ ತನ್ನ ಫಲಿತಾಂಶವನ್ನು ಮೆಲ್ಲಗೆ ಮುಂದಿಟ್ಟಳು. ಪ್ರೊಫೆಸರ್ ಹುಬ್ಬೇರಿಸಿ, ಹೇಗೆ ಒಣಗಿಸಿದಿರಿ ಎಂದು ಅವನನ್ನು ಕೇಳಿದರು. ಅವನ ಕಿವಿ ಕೆಂಪಾಯಿತು. ಅವಳಿಗೋ, ಹಬ್ಬದೂಟ ಉಂಡಷ್ಟು ತೃಪ್ತಿ.

ಮೀಟಿಂಗ್ ಮುಗಿದದ್ದೇ ಅವನು ನೇರ ಕುರಿಕೊಟ್ಟಿಗೆಗೆ ಬಂದ.

“ಗೊತ್ತಿದ್ದೂ ಸುಮ್ನಿದ್ರಾ?”

“ಹೂಂ. ಕುರಿ ವಾಸನೆ ಅಂದೋರು ನೀವೇ ತಾನೆ?”

“ನಾನೇ. ನೋಡದೆ ಅಂದ್ಬಿಟ್ಟೆ.” ಅವನು ಕಣ್ಣು ತಪ್ಪಿಸಲಿಲ್ಲ. “ಸೊಪ್ಪನ್ನ ನನ್ನ ಲ್ಯಾಬಿಗೆ ಪೋಸ್ಟ್ ಮಾಡಿ ಅಂದಿದ್ರೂ ಆಗ್ತಿತ್ತು. ಆದ್ರೂ ದಿನಾ ಡ್ರೈವ್ ಮಾಡ್ಕೊಂಡು ಬಂದೆ. ಯಾಕೆ ಅಂತ ಕೇಳಲ್ವಾ?”

ಕೇಳಿಬಿಡಬೇಕೆನಿಸಿತು ಅವಳಿಗೆ. ಇಷ್ಟು ಸುಲಭಕ್ಕೆ ಸೋಲುವುದೇ? ಛೇ!

“ಕೇಳಲ್ಲ.”

“ಸರಿ, ಇದನ್ನಾದ್ರೂ ಹೇಳಿ. ಚೊಗರು ಎಷ್ಟಿರ್ಬೇಕು?”

“ಸ್ವಲ್ಪ ಇದ್ರೆ ಕುರಿಗೆ ಒಳ್ಳೇದು. ಜಾಸ್ತಿಯಾದ್ರೆ ತಿಂದಿದ್ದೇ ಅರಗಲ್ಲ.”

“ನಿಮ್ಮ ಸಿಟ್ಟು?”

“ಇನ್ನೂ ಬೇಕಾದಷ್ಟಿದೆ. ಬನ್ನಿ, ಈ ಕುರಿ ಹಿಡ್ಕೊಳ್ಳಿ. ಕೈ ಬಿಟ್ರೋ, ಹಾಗೇ ಕ್ರ್ಯಾನ್‌ಬರಿಗೆ ಹೊರಟ್ಬಿಡಿ.”

ಹೊಟ್ಟೆಯ ರಸ ತೆಗೆಯಲು ಅವಳು ಕುರಿಯ ಗಂಟಲಿಗೆ ಟ್ಯೂಬ್ ಇಳಿಸಿದಳು. ಕುರಿ ಕೊಸರಾಡಿ ಅವನ ಮುಖ, ಎದೆಯ ಮೇಲೆಲ್ಲ ಹಸಿರಾಗಿ ಕಾರಿಕೊಂಡಿತು. ಬದರೀನಾಥ ಬಿಗಿಯಾಗಿ ಕಣ್ಣು ಮುಚ್ಚಿದ. ಕುರಿಯನ್ನು ಬಿಡಲಿಲ್ಲ.

ನಿರುಪಮಾ ಏಪ್ರನ್ನಿನ ತುದಿ ಹಿಡಿದು, ಅವನ ಎಡಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಒರೆಸಿದಳು.