ಪಾಸ್‌ವರ್ಡ್ ಕೇಳುತ್ತ ಕೂತ ಕಂಪ್ಯೂಟರ್

ವೂ ತ್ಯಾನ್‌ಡಿಂಗ್ ಬಳಿ ಎಂಟು ಕ್ಯಾಮೆರಾಗಳಿದ್ದವು. ಬೇಕಾದ ಹೊತ್ತಿನ ದೃಶ್ಯ ಮಾತ್ರ ಇರಲಿಲ್ಲ.

ಶನಿವಾರ ಸಂಜೆ ನಾಲ್ಕೂ ನಲವತ್ತಕ್ಕೆ ಅವನು ಚುಕಾಂಗ್ ಹೊರಠಾಣೆಗೆ ಬಂದ. ಮದುವೆ ಊಟಕ್ಕೆ ಹಾಕಿಕೊಂಡ ಇಸ್ತ್ರಿ ಅಂಗಿ ಹಾಗೇ ಇತ್ತು. ಊಟದಲ್ಲಿ ಉಳಿದ ಮೀನಿನ ಸಾರನ್ನು ಕಟ್ಟಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ಕೆಳಗಿಡಲು ಮರೆತು ಕೈಯಲ್ಲೇ ಹಿಡಿದಿದ್ದ.

"ನನ್ನ ಮರ ಹೋಯ್ತು," ಅಂದ.

ಮೇಜಿನ ಹಿಂದಿದ್ದ ಕಾನ್‌ಸ್ಟೆಬಲ್ ಜ್ಯಾನ್ ತಲೆಯೆತ್ತಿದ. "ಯಾವ ಮರ ದೊಡ್ಡಪ್ಪ? ಬಿತ್ತಾ?"

"ಬೀಳೋದಲ್ಲ ಕಣಯ್ಯ, ಹೊತ್ಕೊಂಡು ಹೋದ್ರು. ಕುಂಡದಲ್ಲಿ ಬೆಳೆಸಿದ ಕಿರುಗೋಳಿ, ಬೋನ್ಸಾಯ್. ನಲವತ್ತು ವರ್ಷದ್ದು. ನಿನಗಿಂತ ದೊಡ್ಡದು."

"ನನಗಿಂತ ಎತ್ತರನಾ?"

"ವಯಸ್ಸಲ್ಲಿ. ಎತ್ತರ ಮೊಣಕಾಲುದ್ದ. ಬುದ್ಧೀನೂ ನಿನಗಿಂತ ಜಾಸ್ತಿ. ಬಗ್ಗಿಸಿದ ಕಡೆ ಬಗ್ಗುತ್ತೆ."

ಒಳಕೋಣೆಯಿಂದ ಸಬ್ ಇನ್ಸ್‌ಪೆಕ್ಟರ್ ಯೋ ಶೂಹ್ವೇ ಹೊರಬಂದಳು. ಕುರ್ಚಿ ಎಳೆದು ಕೊಟ್ಟು, ಚೀಲವನ್ನು ಅವನ ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟಳು. ದೂರು ಬರೆದುಕೊಂಡಳು. ಮನೆಯವರೆಲ್ಲ ಬೆಳಿಗ್ಗೆ ಹನ್ನೊಂದೂವರೆಗೆ ಊರಿನ ಮದುವೆ ಊಟಕ್ಕೆ ಹೋಗಿದ್ದರು, ನಾಲ್ಕಕ್ಕೆ ಮರಳಿದರು. ಅಂಗಳದ ಕಟ್ಟೆಯ ಮೇಲಿದ್ದ ಮರ ಇರಲಿಲ್ಲ. ಬರುವ ಶುಕ್ರವಾರ ಜಿಲ್ಲಾ ಬೋನ್ಸಾಯ್ ಪ್ರದರ್ಶನ. ಮೂರು ವರ್ಷ ಸತತವಾಗಿ ಎರಡನೇ ಬಹುಮಾನ ಪಡೆದ ಮರ ಅದು, ಈ ವರ್ಷ ಮೊದಲನೆಯದು ಬರಬೇಕಿತ್ತು.

"ಕದ್ದೋನಿಗೆ ನೀರು ಹಾಕೋದು ಗೊತ್ತಿಲ್ದಿದ್ರೆ ಶುಕ್ರವಾರದ ತನಕ ಬದುಕಲ್ಲ ಅದು," ಅಂದ ವೂ.

"ಯಾರ ಮೇಲಾದ್ರೂ ಅನುಮಾನ?"

"ಅಳಿಯನ ಮೇಲೆ."

ಯೋ ಬರೆಯುವುದನ್ನು ನಿಲ್ಲಿಸಿದಳು. "ಯಾಕೆ?"

"ಮೊದಲು ಮನೆಗೆ ಬನ್ನಿ. ಕಂಪ್ಯೂಟರ್ ನೋಡಿ, ಆಮೇಲೆ ಕೇಳಿ."

ಎಫ್‌ಐಆರ್ ದಾಖಲಿಸಿ, ಐದು ಗಂಟೆ ಹತ್ತು ನಿಮಿಷಕ್ಕೆ ಅವರು ಮನೆ ಮುಟ್ಟಿದರು. ಅಂಗಳದಲ್ಲಿ ಸಾಲುಸಾಲು ಕುಂಡಗಳಲ್ಲಿ ನೂರಕ್ಕೂ ಮಿಕ್ಕಿ ಮರಗಳಿದ್ದವು. ಅವುಗಳಲ್ಲಿ ಒಂದೇ ಹೋಗಿತ್ತು. ಪಕ್ಕದಲ್ಲೇ ಇದ್ದ, ಅದಕ್ಕಿಂತ ದುಬಾರಿಯಾದ ಮರವನ್ನು ಕಳ್ಳ ಮುಟ್ಟಿರಲಿಲ್ಲ. ಕಟ್ಟೆಯ ಮೇಲೆ ಕುಂಡದ ಪಾದದ ತೇವ ಉಳಿದಿತ್ತು. ಜ್ಯಾನ್ ಫೋಟೊ ತೆಗೆದ.

ಅಂಗಳಕ್ಕೆ ಕಿಟಕಿಯಿದ್ದ ಉಗ್ರಾಣದಲ್ಲಿ ಕ್ಯಾಮೆರಾ ದೃಶ್ಯಗಳನ್ನು ಉಳಿಸುವ ಕಂಪ್ಯೂಟರ್ ಇತ್ತು. ಪರದೆ ಬೆಳಗುತ್ತಿತ್ತು. ಹಿಂದೆ ಯಾವುದೋ ಕಡಲತೀರದ ಚಿತ್ರ, ನಡುವೆ ಒಂದು ಖಾಲಿ ಚೌಕ. ಅದು ಪಾಸ್‌ವರ್ಡ್ ಕೇಳುತ್ತಿತ್ತು.

ವೂ ಬಗ್ಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಪರದೆಯಲ್ಲಿ ಎಂಟು ಚೌಕಗಳು ಮೂಡಿ ಅಂಗಳ ಕಾಣಿಸಿತು. ಜ್ಯಾನ್ ದೃಶ್ಯಗಳನ್ನು ಹಿಂದಕ್ಕೆ ಓಡಿಸಿದ. ಹನ್ನೆರಡು ಗಂಟೆಯವರೆಗೆ ಎಲ್ಲವೂ ಇತ್ತು. ಆಮೇಲೆ ಈಗಷ್ಟೇ ಶುರುವಾದ ಚಿತ್ರ. ನಡುವೆ ಏನೂ ಇರಲಿಲ್ಲ.

"ಅಪ್‌ಡೇಟ್ ಅಕ್ಕ," ಅಂದ ಜ್ಯಾನ್. "ವಿಂಡೋಸ್ ತಾನೇ ಆಫ್ ಆಗಿ ಆನ್ ಆಗಿದೆ. ಆದ್ರೆ ಇವರ ರೆಕಾರ್ಡಿಂಗ್ ಪ್ರೋಗ್ರಾಂ ಯಾರಾದ್ರೂ ಪಾಸ್‌ವರ್ಡ್ ಹಾಕಿ ಒಳಗೆ ಬಂದ ಮೇಲೇ ಶುರುವಾಗೋದು. ಅಲ್ಲಿ ತನಕ ಬಾಗಿಲಲ್ಲೇ ನಿಂತು ನೀವ್ಯಾರು, ನೀವ್ಯಾರು ಅಂತ ಕೇಳ್ತಿರುತ್ತೆ."

"ಹನ್ನೆರಡಕ್ಕೇ ಅಪ್‌ಡೇಟ್ ಆಗ್ಲಿ ಅಂತ ಸಮಯ ಯಾರಿಟ್ರು?"

"ಯಾರು ಬೇಕಾದ್ರೂ ಇಡಬಹುದು. ಇಂಥವರು ಇಟ್ರು ಅಂತ ಅದರಲ್ಲಿ ಬರೆದಿರಲ್ಲ."

"ಈ ವಾರವೆಲ್ಲ ಪರದೆ ಮೇಲೆ ಅಪ್‌ಡೇಟ್ ಮಾಡಿ ಅಂತ ನೀಲಿ ಚೀಟಿ ಬರ್ತಾನೇ ಇತ್ತು," ಅಂದ ವೂ. "ಬಂದಾಗೆಲ್ಲ ಒತ್ತಿದೆ. ಏನೊತ್ತಿದೆ ಅಂತ ಕೇಳ್ಬೇಡಿ." ಆಮೇಲೆ ದನಿ ಏರಿಸಿದ. "ನೋಡಿ, ಇದನ್ನೇ ಅಳಿಯ ಎರಡು ವರ್ಷದ ಹಿಂದೆ ಹೇಳಿದ್ದ. ಮಾವ, ಇದು ಒಂದಿನ ಹಿಂಗೇ ಕೈ ಕೊಡುತ್ತೆ ಅಂತ. ಹೇಳಿದೋನಿಗೆ ತಾನೇ ಗೊತ್ತಿರೋದು?"

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬಾಯಿ ಹಾಕಿದಳು. "ಮಳೆ ಬರುತ್ತೆ ಅಂದೋನೇ ಮಳೆ ತರಿಸ್ದ ಅಂತೀರಲ್ಲ. ಮಗಳು ಕೇಳಿಸ್ಕೊಂಡ್ರೆ ಹೊಸ ವರ್ಷಕ್ಕೂ ಈ ಮನೆ ಮೆಟ್ಟಿಲು ಹತ್ತಲ್ಲ, ತಿಳ್ಕೊಳ್ಳಿ."

ಆ ಮಾತು ಅವನಿಗೆ ತಾಗಿತು.

ಯೋ ವಿಷಯ ಬಿಡಿಸಿ ಬಿಡಿಸಿ ಕೇಳಿದಳು. ಕ್ಯಾಮೆರಾ ಹಾಕಿಸಿದಾಗ ಕಂಪ್ಯೂಟರಿಗೆ ಯಾವ ಆಪರೇಟಿಂಗ್ ಸಿಸ್ಟಂ ಬೇಕು ಎಂದು ಊಟದ ಮೇಜಿನಲ್ಲೇ ವಾದ ನಡೆದಿತ್ತು. ಅಳಿಯ ಲಾಯ್ ಬೋಶೆಂಗ್ ಲಿನಕ್ಸ್ ಹಾಕಿಸಿ ಅಂದಿದ್ದ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹೇಳದೆ ಕೇಳದೆ ಆಫ್ ಆಗುವುದಿಲ್ಲ, ಕರೆಂಟು ಹೋಗಿ ಬಂದರೂ ಯಾರೂ ಮುಟ್ಟದೆ ರೆಕಾರ್ಡಿಂಗ್ ತಾನೇ ಶುರುವಾಗುತ್ತದೆ ಎನ್ನುವುದು ಅವನ ವಾದ. ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಝುವೋ ಮೇಸ್ತ್ರಿ ವಿಂಡೋಸ್ ಇರಲಿ ಅಂದಿದ್ದ. ಕ್ಯಾಮೆರಾದ ಪ್ರೋಗ್ರಾಂ ವಿಂಡೋಸ್‌ಗೇ ಮಾಡಿದ್ದು, ದೊಡ್ಡಪ್ಪನಿಗೆ ಅದರ ಗುಂಡಿಗಳು ರೂಢಿ, ಕೆಟ್ಟರೆ ಒಂದು ಫೋನ್ ಸಾಕು, ತಾನೇ ಬಂದು ನೋಡುತ್ತೇನೆ ಎಂದಿದ್ದ. ಮೇಸ್ತ್ರಿಯ ಮಾತನ್ನೇ ವೂ ಹಿಡಿದಿದ್ದ. ಬಿಟ್ಟಿ ಬಂದದ್ದು ಬಿಟ್ಟಿ ಕೆಲಸವನ್ನೇ ಮಾಡುತ್ತೆ ಎಂದು ಅಳಿಯನನ್ನು ಎಲ್ಲರೆದುರು ನಗೆಗೀಡು ಮಾಡಿದ್ದ.

ಲಾಯ್‌ನನ್ನು ಆರೂಕಾಲಿಗೆ ಠಾಣೆಗೆ ಕರೆಸಿದರು. ಅವನ ಮನೆ ಯುಆನ್‌ಲಿನ್‌ನಲ್ಲಿ, ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ.

"ಮದುವೆ ಊಟಕ್ಕೆ ಎಷ್ಟೊತ್ತಿಗೆ ಬಂದ್ರಿ?"

"ಮೀನು ಬಡಿಸಿ ಆಗಿತ್ತು. ಒಂದೂವರೆ."

"ಹೆಂಡತಿ ಹನ್ನೊಂದೂವರೆಗೇ ಬಂದಿದ್ರು."

"ಹೂಂ."

"ಅಲ್ಲಿ ತನಕ ನೀವೆಲ್ಲಿದ್ರಿ?"

"ಮನೇಲಿ."

"ಏನ್ ಮಾಡ್ತಿದ್ರಿ?"

ಲಾಯ್ ತನ್ನ ಮಂಡಿಯ ಮೇಲಿದ್ದ ಹೆಲ್ಮೆಟ್ಟನ್ನು ತಿರುಗಿಸಿದ. "ಹೇಳ್ಲೇಬೇಕಾ?"

"ಮರ ಕದ್ದಿದ್ರೆ ಹೇಳ್ಬೇಡಿ. ಇಲ್ದಿದ್ರೆ ಹೇಳಿ."

"ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕ್ತಿದ್ದೆ. ಕ್ಯಾಮೆರಾಗೆ. ಮುಂದಿನ ತಿಂಗಳು ಮಾವನ ಹುಟ್ಟುಹಬ್ಬ. ತಂದಿಟ್ಟು, ತೋರಿಸಿ, ಬಾಯಿ ಮುಚ್ಚಿಸೋಣ ಅಂತ." ಹೆಲ್ಮೆಟ್ಟನ್ನು ಕೆಳಗಿಟ್ಟು, "ಅವರಿಗೆ ಹೇಳ್ಬೇಡಿ," ಅಂದ.

ಜ್ಯಾನ್ ಅವನ ಜತೆ ಯುಆನ್‌ಲಿನ್‌ಗೆ ಹೋಗಿ ಆ ಯಂತ್ರ ನೋಡಿ ಬಂದ. ಹನ್ನೊಂದೂ ಐವತ್ತರಿಂದ ಒಂದು ಗಂಟೆಯವರೆಗೆ ಯಾರೋ ಕೂತು ಕೈಯಾರೆ ಆದೇಶಗಳನ್ನು ಒತ್ತಿದ್ದು, ತಪ್ಪಿದ್ದನ್ನು ಮತ್ತೆ ಒತ್ತಿದ್ದು, ಎಲ್ಲ ಸಮಯದೊಂದಿಗೆ ಅದರಲ್ಲಿತ್ತು. ಆ ಹೊತ್ತಿನಲ್ಲೇ ಎದುರುಮನೆಯವಳು ಅವನಿಂದ ಏಣಿ ಇಸಿದುಕೊಂಡಿದ್ದಳು. ಮೇಲ್ಮಹಡಿಯಲ್ಲೂ ಅಟ್ಟದಲ್ಲೂ ಮರವಿರಲಿಲ್ಲ.

"ಅಳಿಯ ಅಲ್ಲ," ಅಂದ ಜ್ಯಾನ್. "ಪಾಪ, ಆತ ಮಾವನ್ನ ಸೋಲಿಸೋಕೆ ಎಷ್ಟು ಕಷ್ಟಪಡ್ತಿದಾನೆ."

"ಕಷ್ಟಪಡ್ಲಿ ಬಿಡು. ನೀನು ಮದುವೆ ಆದ್ಮೇಲೆ ಗೊತ್ತಾಗುತ್ತೆ," ಅಂದಳು ಯೋ.

ಭಾನುವಾರ ಬೆಳಿಗ್ಗೆ ಪಂಚನಾಮೆ ಮುಗಿಸಲು ಅವರು ಮತ್ತೆ ವೂ ಮನೆಗೆ ಹೋದರು. ಉಗ್ರಾಣದಲ್ಲಿದ್ದುದನ್ನು ಯೋ ಒಂದೊಂದಾಗಿ ಹೇಳಿದಳು, ಜ್ಯಾನ್ ಬರೆದ. ಮೇಜು. ಪರದೆ. ಕಂಪ್ಯೂಟರ್ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಜೋಳದ ಕುರುಕಲು ತಿಂಡಿಯ ಹಸಿರು ಪೊಟ್ಟಣ.

ಆ ಪೊಟ್ಟಣ ಈ ನಾಡಿನಲ್ಲಿ ಎಲ್ಲ ಕಡೆಯೂ ಇರುತ್ತದೆ. ಬ್ಯಾಂಕಿನ ಯಂತ್ರದ ಮೇಲೆ, ಆಸ್ಪತ್ರೆಯಲ್ಲಿ, ಠಾಣೆಯ ಕಂಪ್ಯೂಟರಿನ ಮೇಲೂ. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲ ಎಂದು ಜನರ ನಂಬಿಕೆ. ಬಣ್ಣ ಹಸಿರೇ ಇರಬೇಕು, ಒಡೆದಿರಬಾರದು, ತಿನ್ನುವ ಗಡುವು ಮೀರಿರಬಾರದು. ಮೀರಿದರೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಯೋ ಪಂಚನಾಮೆಗೆಂದು ಅದರ ತಾರೀಖು ಓದಿದಳು. ಬರುವ ವರ್ಷದ ಆಗಸ್ಟ್.

"ಪೊಟ್ಟಣ ಹೊಸದಾಗಿಟ್ಟಿದೀರಾ ಚಿಕ್ಕಮ್ಮ?"

"ಹೊಸದೆಲ್ಲಿ ಬಂತು?" ಅಂದಳು ವೂನ ಹೆಂಡತಿ. "ಗಡುವು ಮುಗಿದು ಆರು ತಿಂಗಳಾಯ್ತು, ನಿನ್ನೆ ಬೆಳಿಗ್ಗೆ ಧೂಳು ಒರೆಸುವಾಗ್ಲೂ ಹಳೇದೇ ಇತ್ತು. ಬದಲಾಯ್ಸಿ, ಬದಲಾಯ್ಸಿ ಅಂತ ಇವರಿಗೆ ಹೇಳಿ ನನ್ನ ಹಲ್ಲು ಸವೀತು. ಕೇಳ್ಬೇಕಲ್ಲ."

"ಇಲ್ಲಿ ನೋಡಿ."

ಮುದುಕಿ ಕನ್ನಡಕ ಹಾಕಿಕೊಂಡು ನೋಡಿದಳು. ಗಂಡನ ಕಡೆ ತಿರುಗಿದಳು. "ನೀವು ಬದಲಾಯ್ಸಿದ್ರಾ?"

"ನಾನ್ಯಾಕೆ ಬದಲಾಯ್ಸ್ಲಿ?"

"ಅಳಿಯ?"

"ಅವನಾ? ಇದರಲ್ಲೆಲ್ಲ ಅವನಿಗೆ ನಂಬಿಕೆ ಇಲ್ಲ. ಕಂಡ್ರೆ ಒಡೆದು ತಿಂದ್ಬಿಡ್ತಾನೆ."

ಯೋ ಕಿಟಕಿಯಿಂದ ಹೊರಗೆ ನೋಡಿದಳು. ಖಾಲಿ ಕಟ್ಟೆ ನೇರ ಎದುರಿಗಿತ್ತು. ಕಳ್ಳನಿಗೆ ಹನ್ನೆರಡಕ್ಕೆ ಕ್ಯಾಮೆರಾ ನಿಲ್ಲುವುದು ಗೊತ್ತಿತ್ತು. ಆದರೂ ಮರಕ್ಕೆ ಕೈ ಹಾಕುವ ಮೊದಲು, ಯಂತ್ರ ನಿಜಕ್ಕೂ ಪಾಸ್‌ವರ್ಡ್ ಕೇಳುತ್ತ ಕೂತಿದೆಯೇ ಎಂದು ಇಣುಕಿದ್ದಾನೆ. ಪರದೆಯ ಜತೆಗೆ ಪೊಟ್ಟಣವೂ ಕಣ್ಣಿಗೆ ಬಿದ್ದಿದೆ. ಕದಿಯಲು ಬಂದವನಿಗೆ ಗಡುವು ಮೀರಿದ ಪೊಟ್ಟಣವನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಬಂದಿಲ್ಲ, ಕಿಟಕಿಯಿಂದಲೇ ಕೈ ಚಾಚಿ ಬದಲಾಯಿಸಿದ್ದಾನೆ.

"ಕಳ್ಳ ಜೇಬಲ್ಲೋ ಗಾಡಿಯಲ್ಲೋ ಹೊಸ ಪೊಟ್ಟಣ ಇಟ್ಕೊಂಡೇ ತಿರುಗೋನು," ಅಂದಳು ಜ್ಯಾನ್‌ಗೆ. "ದೊಡ್ಡಪ್ಪ, ಝುವೋ ಮೇಸ್ತ್ರಿ ಈಚೆಗೆ ಬಂದಿದ್ರಾ?"

"ಗುರುವಾರ. ಫ್ಯಾನ್ ಸದ್ದು ಮಾಡ್ತಿತ್ತು."

"ಏನ್ ಮಾತಾಡಿದ್ರಿ?"

"ಏನಿದೆ ಮಾತಾಡೋಕೆ? ಶನಿವಾರ ಮದುವೆ ಊಟ ಅಂದೆ. ಭಾನುವಾರ ಕಿರುಗೋಳಿಯ ಎಡಗೊಂಬೆ ಕಡೀತೀನಿ ಅಂದೆ. ಅದು ಕೆಳಗೆ ಇಳಿಬಿದ್ದಿದೆ, ಅದರಿಂದ್ಲೇ ಪ್ರತಿ ಸಲ ಎರಡನೇ ಬಹುಮಾನ ಅಂತ ತೀರ್ಪುಗಾರರು ಹೇಳಿದ್ರು."

"ಅದಕ್ಕೆ ಮೇಸ್ತ್ರಿ ಏನಂದ್ರು?"

ವೂ ಯೋಚಿಸಿದ. "ಏನೂ ಅನ್ಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಹೋದ."

ಹನ್ನೊಂದೂ ಇಪ್ಪತ್ತಕ್ಕೆ ಅವರು ಅಂಗಡಿ ತಲುಪಿದರು. ಅಲ್ಲಿ ರಿಪೇರಿಗೆ ಬಂದ ಯಂತ್ರಗಳು ಗೋಡೆಯುದ್ದಕ್ಕೂ ಇದ್ದವು, ಪ್ರತಿಯೊಂದರ ಮೇಲೂ ಒಂದೊಂದು ಹಸಿರು ಪೊಟ್ಟಣ. ಎಲ್ಲದರಲ್ಲೂ ಅದೇ ಆಗಸ್ಟ್. ಝುವೋ ನಲವತ್ತೈದು ದಾಟಿದ ಸಣಕಲು ಮನುಷ್ಯ. ಪೊಲೀಸರನ್ನು ಕಂಡು ಕೈಯಲ್ಲಿದ್ದ ತಿರುಪುಳಿಯನ್ನು ಮೆಲ್ಲಗೆ ಕೆಳಗಿಟ್ಟ.

"ನಿನ್ನೆ ಮದುವೆ ಊಟಕ್ಕೆ ಹೋಗಿದ್ರಾ ಮೇಸ್ತ್ರಿ?"

"ಹೋಗಿದ್ದೆ."

"ಪೂರ್ತಿ ಉಂಡ್ರಾ?"

"ಸೂಪ್ ತನಕ."

"ಆಮೇಲೆ?"

"ಕೆಲಸ ಇತ್ತು."

ಹೊರಗೆ ಅವನ ವ್ಯಾನಿನ ಹಿಂಬಾಗಿಲು ತೆರೆಸಿ ನೋಡುತ್ತಿದ್ದ ಜ್ಯಾನ್ ಕರೆದ. ಬಾಗಿಲಿನ ಅಂಚಿನಲ್ಲಿ ಬಿಳಿ ಹಾಲು ಸೋರಿ ಒಣಗಿ ಅಂಟಾಗಿತ್ತು.

"ಇದೇನು?" ಎಂದು ಕೇಳಿದಳು ಯೋ.

"ಅಂಟು."

"ಯಾವುದರ ಅಂಟು? ಗೋಳಿ ಮರಕ್ಕೆ ಗಾಯ ಆದ್ರೆ ಹಾಲು ಬರುತ್ತೆ ಅಲ್ವಾ?"

ಝುವೋ ಅಂಟನ್ನು ನೋಡುತ್ತ ನಿಂತ. "ಹಿಂದಿನ ಬಾಲ್ಕನೀಲಿದೆ," ಅಂದ. "ನೀರು ಹಾಕಿದೀನಿ. ಎತ್ತುವಾಗ ಅಲುಗಿಸ್ಬೇಡಿ."

ಮರ ಬೆಳಗಿನ ಬಿಸಿಲಿನಲ್ಲಿ ಹಸಿರಾಗಿ ನಿಂತಿತ್ತು. ಎಡಗಡೆ ಕೊಂಬೆ ಇರಬೇಕಾದ ಕಡೆ ಮುಲಾಮು ಮೆತ್ತಿದ ಗಾಯ. ಮುರಿದ ಕೊಂಬೆ ಪಕ್ಕದ ಬಕೆಟ್ಟಿನಲ್ಲಿ ಎಲೆ ಬಾಡಿಸಿಕೊಂಡು ಕೂತಿತ್ತು.

"ಇದನ್ನ ಉಳಿಸೋಕೇ ತಂದೆ," ಅಂದ ಝುವೋ. "ವ್ಯಾನಿನ ಬಾಗಿಲಿಗೆ ಸಿಕ್ಕಾಕ್ಕೊಂಡ್ತು."

ಜ್ಯಾನ್ ನಗು ತಡೆಯಲು ಬೀದಿಯ ಕಡೆ ತಿರುಗಿದ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಝುವೋನನ್ನು ಬಂಧಿಸಲಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಗುರುವಾರ ಫ್ಯಾನ್ ಸರಿಮಾಡುವಾಗ ಅಪ್‌ಡೇಟಿನ ಸಮಯವನ್ನು ಶನಿವಾರ ಹನ್ನೆರಡಕ್ಕೆ ಇಟ್ಟವನು ತಾನೇ ಅಂದ. ಮಾರುವ ಯೋಚನೆ ಇರಲಿಲ್ಲ. ಎರಡು ವರ್ಷ ಆ ಉಗ್ರಾಣದ ಕಿಟಕಿಯ ಬಳಿ ಕೂತು ಕೆಲಸ ಮಾಡಿದ್ದ, ಎದುರಿಗೆ ಆ ಕೊಂಬೆ ಇತ್ತು. ಅದರ ಇಳಿಜಾರು ಅವನಿಗೆ ಹಿಡಿಸಿತ್ತು. ಅವನು ಬೇರೆ ಕಾರಣ ಕೊಡಲಿಲ್ಲ.

"ವಿಂಡೋಸ್ ಹಾಕ್ಸಿ ಅಂತ ಹೇಳಿದ್ದು ಕದಿಯೋಕಾ?" ಎಂದು ಕೇಳಿದಳು ಯೋ.

"ಛೆ. ಆವಾಗ ಕದಿಯೋ ಯೋಚನೆ ಎಲ್ಲಿತ್ತು? ಅಳಿಯ ಹೇಳಿದ್ದೇ ಸರಿ ಅಂತ ಅವತ್ತೇ ಗೊತ್ತಿತ್ತು. ಆದ್ರೆ ಲಿನಕ್ಸ್ ಹಾಕಿದ್ರೆ ಕೆಡ್ತಿರಲಿಲ್ಲ. ಕೆಡದಿದ್ರೆ ನನ್ನ ಯಾರು ಕರೀತಿದ್ರು?"

ಯೋ ಅದನ್ನು ಅವನು ಹೇಳಿದ ಹಾಗೇ ಬರೆಸಿದಳು.

ಎರಡು ಗಂಟೆಗೆ ಮರ ಗುರುತಿಸಲು ವೂ ಬಂದ, ಜತೆಗೆ ಲಾಯ್. ಮುದುಕ ಮೇಜಿನ ಮೇಲಿದ್ದ ಮರವನ್ನು ಎರಡು ಸುತ್ತು ಬಂದ. ಗಾಯದ ಮುಂದೆ ಬಗ್ಗಿದ.

"ಚೆನ್ನಾಗೇ ಮುರ್ದಿದಾನೆ," ಅಂದ. "ನಾನೂ ಇಲ್ಲೇ ಕಡೀತಿದ್ದೆ. ಶುಕ್ರವಾರಕ್ಕೆ ಏನೂ ತೊಂದರೆ ಇಲ್ಲ." ಬೆಂಚಿನ ಮೇಲೆ ಕೂತಿದ್ದ ಝುವೋನ ಕಡೆ ನೋಡಿದ. "ಇವನ್ನ ಬಿಟ್ಬಿಡಿ."

"ಕಳ್ಳತನ ದೊಡ್ಡಪ್ಪ. ನೀವು ಬಿಡಿ ಅಂದ್ರೂ ನಾನು ಬಿಡೋ ಹಾಗಿಲ್ಲ. ಪ್ರಾಸಿಕ್ಯೂಟರ್ ಮುಂದೆ ಹೇಳಿ, ಅವರು ಕೇಳ್ತಾರೆ."

"ಹೇಳ್ತೀನಿ." ಅಳಿಯನ ಕಡೆ ನೋಡದೆ ಅವನ ತೋಳು ತಟ್ಟಿದ. ಅಷ್ಟೇ ಅವನು ಕೇಳಿದ ಕ್ಷಮೆ. ಲಾಯ್‌ಗೆ ಅರ್ಥವಾಯಿತು, ಕಿವಿ ಕೆಂಪಾಯಿತು. ಆಮೇಲೆ ಮುದುಕ ಝುವೋ ಮುಂದೆ ಹೋಗಿ ನಿಂತ. ಎರಡು ವರ್ಷದ ಅಭ್ಯಾಸ ಅಷ್ಟು ಬೇಗ ಬಿಡಲಿಲ್ಲ.

"ಈಗ ಆ ಕಂಪ್ಯೂಟರಿಗೆ ಏನ್ ಹಾಕ್ಲಿ ಮೇಸ್ತ್ರಿ?"

ಝುವೋ ಬೆಂಚಿನಿಂದ ಎದ್ದು ನಿಂತ.

"ಅಳಿಯ ಹೇಳಿದ್ದನ್ನೇ ಹಾಕ್ಸಿ ದೊಡ್ಡಪ್ಪ," ಅಂದ. "ಅದು ಕೆಡಲ್ಲ."

ಮರವನ್ನು ಮಾವ, ಅಳಿಯ ಇಬ್ಬರೂ ಸೇರಿ ಹೊತ್ತು ಒಯ್ದರು. ಯೋ ವರದಿ ಮುಗಿಸಲು ಕೂತಳು. ಕಳೆದದ್ದು ಎಂಬ ಅಂಕಣದಲ್ಲಿ ಬರೆದಳು: ಕೊಂಬೆ ಒಂದು. ಐದೂಕಾಲು ಗಂಟೆಗಳಷ್ಟು ದೃಶ್ಯ.