ಹಗ್ಗದಾಚೆ ಲಾವಕ್ಕಿ

ಅಪ್ಪನಿಗೇ ಎಲ್‌ಬಿ ಔಟ್ ಕೊಟ್ಟವಳು ನಾನು. ಅಂದಿನಿಂದ ಲೀಗಿನ ಯಾವ ತಂಡವೂ ನನ್ನ ಅಂಪೈರಿಂಗ್ ಬಗ್ಗೆ ತಕರಾರು ತೆಗೆದಿಲ್ಲ. ಅಂಥವಳಿಗೆ ಈ ಫೈನಲ್‌ನಲ್ಲಿ ನನ್ನ ತೀರ್ಪಿನ ಮೇಲೇ ನಂಬಿಕೆ ಇರಲಿಲ್ಲ.

ಕಾರಣ, ಹುಲ್ಲಪ್ಪ. ಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು, ಅಪ್ಪ ಅಧ್ಯಕ್ಷರಾಗಿರುವ ಕ್ಲಬ್ಬಿನಲ್ಲಿ ಸ್ಪಿನ್ನರ್. ಕಳೆದ ಬೇಸಿಗೆಯ ಬಿಸಿಲಿಗೆ ಮೈದಾನ ಸುಟ್ಟು ಧೂಳೆದ್ದಾಗ, ‘ಅಂಚಿನ ಹುಲ್ಲು ಕತ್ತರಿಸೋದು ಬೇಡ, ನೆಲ ತಂಪಾಗಿರುತ್ತೆ’ ಎಂದು ಎಲ್ಲರ ಬೆನ್ನು ಬಿದ್ದವನು. ಆ ಹೆಸರು ಬಂದದ್ದು ಹಾಗೆ. ಈಗ ಆ ಹುಲ್ಲಿನಲ್ಲಿ ಲಾವಕ್ಕಿಯೊಂದು ಮೊಟ್ಟೆ ಇಟ್ಟಿತ್ತು. ಯಾರೂ ತುಳಿಯದಿರಲೆಂದು ಅವನು ಬೌಂಡರಿ ಹಗ್ಗವನ್ನೇ ಒಳಗೆ ಎಳೆಸಿದ್ದ.

ಅಪ್ಪ ಒಪ್ಪಿದ್ದು ಗೊಣಗಿಕೊಂಡೇ. ‘ನಿನ್ನ ಹಗ್ಗದಿಂದ ಫೈನಲ್ ಸೋತ್ವೋ, ಮಾರನೇ ದಿನವೇ ಹುಲ್ಲು ಕತ್ತರಿಸೋ ಮಷಿನ್ ಹತ್ತಿಸ್ತೀನಿ.’

ಟಾಸ್ ಆದಮೇಲೆ ಅವನು ಹತ್ತಿರ ಬಂದ. ‘ಅಂಪೈರ್ ಮೇಡಂ, ಮ್ಯಾಚ್ ಮುಗಿದ್ಮೇಲೆ ಒಂದು ಮಾತಿದೆ.’

‘ಈಗ್ಲೇ ಹೇಳಿ.’

‘ಈಗ ಹೇಳಿದ್ರೆ ನೋ ಬಾಲ್ ಕೊಟ್ಬಿಡ್ತೀರ.’

ಓರೆಗಣ್ಣಲ್ಲಿ ನಕ್ಕು ಹೋದ. ಕಿವಿ ಬಿಸಿಯಾಗಿ ನಾನು ಟೋಪಿ ಕೆಳಗೆಳೆದುಕೊಂಡೆ.

ಕೊನೆಯ ಬಾಲಿಗೆ ಎದುರಾಳಿಗಳಿಗೆ ಐದು ರನ್ ಬೇಕಿತ್ತು. ಚೆಂಡು ಸೀದಾ ಹುಲ್ಲಿನತ್ತ ಹಾರಿತು. ಅವನು ಹಿಂದೆ ಹಿಂದೆ ಓಡಿ, ಹಗ್ಗದ ಪಕ್ಕದಲ್ಲೇ ಹಿಡಿದ. ನಮ್ಮ ಕ್ಲಬ್ಬಿನವರು ಕೇಕೆ ಹಾಕಿದರು. ಎದುರಾಳಿಗಳು ‘ಕಾಲು ತಾಗಿದೆ, ಸಿಕ್ಸ್!’ ಎಂದು ಕೂಗಿದರು. ನನ್ನ ಕಣ್ಣಿಗೆ ಇಳಿಬಿಸಿಲು ಹೊಡೆಯುತ್ತಿತ್ತು, ನನಗೇನೂ ಕಂಡಿರಲಿಲ್ಲ.

ಅಲ್ಲಿಯವರೆಗೆ ನಡೆದು ಹೋದೆ. ಔಟಾದರೆ ಗೆಲುವು, ಹುಲ್ಲೂ ಉಳಿಯುತ್ತದೆ, ಅಪ್ಪನ ಮುಂದೆ ಇವನ ಮುಖವೂ ಉಳಿಯುತ್ತದೆ. ಸಿಕ್ಸ್ ಆದರೆ ಎಲ್ಲಾ ಹೋಯಿತು. ತಾಗಿಲ್ಲ ಅನ್ನೋ ಮಾರಾಯ, ಅನ್ನು!

‘ತಾಗ್ತಾ?’

ಅವನು ಹುಲ್ಲನ್ನು ನೋಡಿದ. ಆಮೇಲೆ ನನ್ನನ್ನು. ‘ತಾಗ್ತು. ಹಿಮ್ಮಡಿ.’

‘ಸರಿಯಾಗಿ ಯೋಚ್ನೆ ಮಾಡಿ ಹೇಳಿ.’ ಅದು ಅಂಪೈರ್ ಆಡುವ ಮಾತಲ್ಲ, ಗೊತ್ತು.

‘ಈ ಹಗ್ಗದ ವಿಷ್ಯದಲ್ಲಿ ನಾನೇ ಸುಳ್ಳು ಹೇಳಿದ್ರೆ, ನಾಳೆ ಇದಕ್ಕೆ ಯಾರು ಬೆಲೆ ಕೊಡ್ತಾರೆ ಮೇಡಂ?’

ಎರಡೂ ಕೈ ಎತ್ತಿದೆ. ಸಿಕ್ಸ್. ಫೈನಲ್ ಕೈಬಿಟ್ಟಿತು.

ಅಪ್ಪ ದುರದುರನೆ ನೋಡುತ್ತಾ ಬಂದರು. ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಇಷ್ಟು ಗಲಾಟೆಯಲ್ಲೂ ಲಾವಕ್ಕಿ ಮೊಟ್ಟೆ ಬಿಟ್ಟು ಕದಲಿರಲಿಲ್ಲ. ಅಪ್ಪ ತುಂಬಾ ಹೊತ್ತು ಅದನ್ನೇ ನೋಡಿದರು. ಆಮೇಲೆ ಹಗ್ಗಕ್ಕೆ ಕೈ ಹಾಕಿದಾಗ, ಕಿತ್ತೇ ಬಿಡುತ್ತಾರೆ ಅಂದುಕೊಂಡೆ.

‘ಗೂಡಿಗೆ ತೀರಾ ಹತ್ರ ಆಯ್ತು. ಇನ್ನೊಂದಿಷ್ಟು ಒಳಗೆ ಎಳೀರೋ!’

‘ಅಪ್ಪಾ, ಮಷಿನ್?’

‘ಸೋಲಿಸಿದ್ದು ಹಗ್ಗ ಅಲ್ಲ ಕಣೇ, ಇವನ ಹಿಮ್ಮಡಿ. ಇವನನ್ನ ಏನ್ ಮಾಡ್ಬೇಕೋ ನೀನೇ ನೋಡ್ಕೋ.’ ಅಪ್ಪ ತಿರುಗಿಯೂ ನೋಡದೆ ಹೊರಟರು.

ಹುಲ್ಲಪ್ಪನ ಕೈಯಲ್ಲಿ ಚೆಂಡು ಇನ್ನೂ ಇತ್ತು. ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಅಂದ, ‘ಆ ಮಾತು... ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಫೈನಲ್ ಸೋತವನು ಹೇಳಬಹುದೋ ಇಲ್ವೋ ಗೊತ್ತಿಲ್ಲ.’

ನಾನು ಟೋಪಿ ತೆಗೆದು ಮೆಲ್ಲಗೆ ಬೆರಳೆತ್ತಿದೆ.

ಅವನ ಮುಖ ಬಿಳುಚಿತು. ‘ನಾನು ಔಟಾ?’

‘ನೀನಲ್ಲ ಕಣೋ, ನಾನು,’ ಅಂದೆ. ‘ಯಾವತ್ತೋ.’